ಅನ್ನನಾಳದ ಯೀಸ್ಟ್: ಅಪರಾಧಿ ಯಾರು?

ಗಂಟಲಿನಿಂದ ಜಠರಕ್ಕೆ ಆಹಾರವನ್ನೊಯ್ಯುವ ಅನ್ನನಾಳವು ವಯಸ್ಕರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದವಿರುತ್ತದೆ. ಅದರ ಒಳಗೋಡೆಯ ಮೇಲೆ ಕೆಲವೊಮ್ಮೆ ಬಿಳಿಯ ಪೊರೆ ಹರಡಿ, ತುತ್ತು ನುಂಗುವುದೇ ಯಾತನೆಯಾಗುತ್ತದೆ. ಇದಕ್ಕೆ ಕ್ಯಾಂಡಿಡಾ ಎಂಬ ಯೀಸ್ಟೇ ಕಾರಣವೆಂದು ಹೇಳಿ ನಾವು ಸುಮ್ಮನಾಗುವುದುಂಟು. ಈ ಉತ್ತರವು ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ.

ಏಕೆಂದರೆ ಅನೇಕ ಆರೋಗ್ಯವಂತರ ಬಾಯಿಯಲ್ಲಿಯೂ ಕರುಳಿನಲ್ಲಿಯೂ ಈ ಯೀಸ್ಟ್ ನಿರುಪದ್ರವಿಯಾಗಿ ವಾಸಿಸುತ್ತದೆ. ನೆರೆಯ ಬ್ಯಾಕ್ಟೀರಿಯಗಳೂ ದೇಹದ ರಕ್ಷಕ ಕಣಗಳೂ ಅದನ್ನು ಹದ್ದುಬಸ್ತಿನಲ್ಲಿಡುತ್ತವೆ. ಈ ಸಮತೋಲವು ಕೆಟ್ಟಾಗಲೇ ಅದು ಮಿತಿಮೀರಿ ಬೆಳೆಯುವುದು. ಪ್ರತಿಜೀವಕಗಳು ಬ್ಯಾಕ್ಟೀರಿಯಗಳನ್ನು ಕೊಂದು ಯೀಸ್ಟಿಗೆ ಎಡೆಮಾಡಿಕೊಡಬಹುದು. ಉಬ್ಬಸಕ್ಕಾಗಿ ಉಸಿರಿನೊಡನೆ ಎಳೆದುಕೊಳ್ಳುವ ಸ್ಟೀರಾಯ್ಡ್ ಸ್ಥಳೀಯ ರಕ್ಷಣೆಯನ್ನು ಕುಗ್ಗಿಸಬಹುದು. ಹತೋಟಿಯಿಲ್ಲದ ಮಧುಮೇಹ, ಕ್ಯಾನ್ಸರಿನ ಕೆಲವು ಚಿಕಿತ್ಸೆಗಳು, ಎಚ್.ಐ.ವಿ. ಸೋಂಕು ಇವು ರೋಗನಿರೋಧಕ ಶಕ್ತಿಯನ್ನೇ ಕುಂದಿಸುತ್ತವೆ. 1981ರ ಜೂನ್ ತಿಂಗಳಲ್ಲಿ ಲಾಸ್ ಏಂಜಲೀಸಿನಿಂದ ಬಂದ ಏಡ್ಸ್ ರೋಗದ ಮೊದಲ ವರದಿಯಲ್ಲಿದ್ದ ಐವರು ತರುಣರಲ್ಲಿಯೂ ಕ್ಯಾಂಡಿಡಾ ಸೋಂಕು ಕಂಡುಬಂದಿತ್ತು. ಯೀಸ್ಟಿನ ಹಿಂದೆ ಎಂತಹ ಮಹಾವ್ಯಾಧಿ ಅಡಗಿರಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಫ್ಲುಕೊನಜೋಲಿನಂತಹ ಔಷಧಿಯು ಯೀಸ್ಟನ್ನು ಅಡಗಿಸುತ್ತದೆ. ಆದರೆ ಮೂಲಕಾರಣ ಉಳಿದರೆ ರೋಗವು ಮರಳಬಹುದು. ಆದುದರಿಂದ ವೈದ್ಯರ ಚೀಟಿಯಿಲ್ಲದೆ ಪ್ರತಿಜೀವಕಗಳನ್ನು ಕೊಂಡು ನುಂಗುವ ಚಟವನ್ನು ನಾವು ಬಿಡಬೇಕು. ಉಬ್ಬಸದವರು ಸ್ಟೀರಾಯ್ಡ್ ಎಳೆದುಕೊಂಡ ಕೂಡಲೆ ಬಾಯಿ ಮುಕ್ಕಳಿಸಬೇಕೇ ಹೊರತು, ಭಯದಿಂದ ಔಷಧಿಯನ್ನೇ ನಿಲ್ಲಿಸಬಾರದು. ನುಂಗುವಾಗ ನೋವು ಕಂಡುಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, "ಇದು ಯಾವ ರೋಗ?" ಎಂಬುದರ ಜೊತೆಗೆ "ಈಗೇಕೆ ಬಂದಿತು?" ಎಂಬುದನ್ನೂ ಕೇಳೋಣ. ವಿಜ್ಞಾನವನ್ನು ಓದಿದವರು ಈ ಎರಡನೆಯ ಪ್ರಶ್ನೆಯನ್ನು ಮರೆಯಬಾರದು.