ಸಂಸಾರಿಗಳು ಎರಡನೇ ದರ್ಜೆಯವರಲ್ಲ

ಜನವರಿಯಲ್ಲಿ ಕಾಪುವಿನ ಹತ್ತಿರ ನೆಂಟರ ಹುಡುಗಿಯೊಬ್ಬಳ ರೋಸ್, ಅಂದರೆ ಮದುವೆಗೆ ಮುಂಚೆ ತೆಂಗಿನಹಾಲು ಹಚ್ಚುವ ಶಾಸ್ತ್ರ, ಇತ್ತು. ಅಂಗಳದಲ್ಲಿ ಚಪ್ಪರ, ನಡುವೆ ಕುರ್ಚಿ, ಪಕ್ಕದಲ್ಲಿ ಪಾತ್ರೆ ತುಂಬ ತೆಂಗಿನಹಾಲು. ವೊವಿಯೊ ಹಾಡುವ ಹೆಂಗಸರು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು, ಬೈಬಲನ್ನು ಚೆನ್ನಾಗಿ ಓದಿಕೊಂಡವರು, ಮದುವೆ ಎನ್ನುವುದು ನಮ್ಮ ದೌರ್ಬಲ್ಯ ನೋಡಿ ದೇವರು ಕೊಟ್ಟ ರಿಯಾಯಿತಿ ಎಂದರು. ದೇವತ್ವಕ್ಕೂ ಸಂಸಾರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ, ಯೇಸು ಮದುವೆಯಾಗದೆ ಉಳಿದದ್ದೇ ಅದಕ್ಕೆ ಸಾಕ್ಷಿ ಎಂದರು. ಇಷ್ಟು ಹೇಳಿ ಐದು ನಿಮಿಷವಾಗಿರಲಿಲ್ಲ, ಕರೆ ಬಂದಾಗ ಎದ್ದು ಹೋಗಿ, ಹೆಬ್ಬೆರಳನ್ನು ತೆಂಗಿನಹಾಲಿಗೆ ಅದ್ದಿ ಹುಡುಗಿಯ ಹಣೆಯ ಮೇಲೆ ಶಿಲುಬೆ ಬರೆದರು. ದೇವರಿಗೆ ಸಲ್ಲದ ಕೆಲಸಕ್ಕೆ ದೇವರ ಗುರುತು ಹಾಕಿ ಕಳಿಸುವುದು ಹೇಗೆ? ಅಂದು ಕೇಳಲಿಲ್ಲ, ಇಂದು ಕೇಳುತ್ತಿದ್ದೇನೆ.

ನಾನು ಮೂರು ಮಕ್ಕಳ ತಾಯಿ. ಇಪ್ಪತ್ತು ವರ್ಷ ಭಾನುವಾರದ ದೊತೊರ್ನ್, ಅಂದರೆ ಧರ್ಮಪಾಠ, ಕಲಿಸಿದವಳು. ಆ ಹಿರಿಯರ ಮಾತನ್ನು ಅಷ್ಟೂ ವರ್ಷ ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಬೆಳಗಾಗೆದ್ದು ಒಲೆ, ಮಕ್ಕಳು, ಅತ್ತೆಯ ಔಷಧಿ ಎಂದು ಬದುಕು ಸವೆಸಿದ ನೂರಾರು ಹೆಂಗಸರು, ನಮ್ಮದೆಲ್ಲ ದೇವರಿಗೆ ದೂರದ ಬದುಕು ಎಂದು ನಂಬಿಕೊಂಡು ಸತ್ತದ್ದನ್ನೂ ಕಂಡಿದ್ದೇನೆ. ಆದ್ದರಿಂದ ಈ ವಾದವನ್ನು ಒಂದೊಂದು ಎಳೆಯಾಗಿ ಬಿಡಿಸುತ್ತೇನೆ. ತೀರ್ಪು ಓದುವವರದು.

ಮೊದಲ ಎಳೆ: ಯೇಸು ಮದುವೆಯಾಗಲಿಲ್ಲ, ಆದ್ದರಿಂದ ಮದುವೆ ದೇವತ್ವಕ್ಕೆ ಒಗ್ಗದು. ಯೇಸು ಗದ್ದೆ ಉಳಲಿಲ್ಲ, ಪುಸ್ತಕ ಬರೆಯಲಿಲ್ಲ, ಮುಪ್ಪನ್ನೂ ಕಾಣಲಿಲ್ಲ. ಬೇಸಾಯ, ಬರವಣಿಗೆ, ಮುಪ್ಪು ಮೂರೂ ದೇವರಿಗೆ ಸಲ್ಲದವು ಎಂದು ಯಾರಾದರೂ ಹೇಳುತ್ತಾರೆಯೇ? ಮಾಡದೆ ಇದ್ದದ್ದು ಬೇರೆ, ತಳ್ಳಿಹಾಕಿದ್ದು ಬೇರೆ. ತಳ್ಳಿಹಾಕಲಿಲ್ಲ ಎನ್ನುವುದಕ್ಕೆ ಪುರಾವೆ ಕಣ್ಣೆದುರಿಗೇ ಇದೆ. ಯೋಹಾನನ ಪ್ರಕಾರ ಯೇಸುವಿನ ಮೊದಲ ಅದ್ಭುತ ನಡೆದದ್ದು ದೇವಾಲಯದಲ್ಲಲ್ಲ, ಕಾನಾ ಊರಿನ ಮದುವೆಮನೆಯಲ್ಲಿ. ಆರು ಕಲ್ಲಿನ ಬಾನೆಗಳು, ಒಂದೊಂದಕ್ಕೆ ಎರಡು ಮೂರು ಕೊಳಗ ನೀರು. ಆ ಕಾಲದ ಅಳತೆಯನ್ನು ಈಗಿನ ಲೆಕ್ಕಕ್ಕೆ ತಂದರೆ ಏನಿಲ್ಲವೆಂದರೂ 450 ಲೀಟರ್ ದಾಟುತ್ತದೆ. ರಿಯಾಯಿತಿ ಕೊಡುವವನ ಕೈ ಇಷ್ಟು ಧಾರಾಳವಾಗಿರುವುದಿಲ್ಲ. ಮುಂದೆ ವಿಚ್ಛೇದನದ ಪ್ರಶ್ನೆ ಬಂದಾಗ ಗಂಡಹೆಂಡಿರನ್ನು ಕೂಡಿಸಿದವನು ದೇವರೇ ಎಂದು ಹೇಳಿದವನೂ ಅವನೇ. ದೇವರು ಸ್ವಂತ ಕೈಯಿಂದ ಕೂಡಿಸಿದ್ದು ದೇವರಿಗೇ ಮೈಲಿಗೆಯಾಗುವುದೆಂತು?

ಇನ್ನೊಂದು ಕಡೆಯವರೂ ಇದ್ದಾರೆ. ಮಣಿಪಾಲದಲ್ಲಿ ಓದುವ ನನ್ನ ಮಗನ ಗೆಳೆಯರಿಗೆ ‘ದ ಡಾ ವಿಂಚಿ ಕೋಡ್’ ಕಾದಂಬರಿಯೇ ಆಧಾರ. ಯೇಸುವಿಗೆ ಹೆಂಡತಿ ಇದ್ದಳು, ಗೊತ್ತಾದರೆ ದೇವತ್ವ ಹೋಗುತ್ತದೆಂದು ಚರ್ಚು ಮುಚ್ಚಿಟ್ಟಿತು ಎನ್ನುತ್ತಾರೆ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಆ ಹೆಂಡತಿ ಇಲ್ಲ. ತಾಯಿ, ಸೋದರರು, ಹಿಂಬಾಲಿಸಿದ ಹೆಂಗಸರು ಎಲ್ಲರ ಮಾತೂ ಬರುತ್ತದೆ, ಅವಳದೊಂದು ಬಿಟ್ಟು. 2012ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕಿ ಕರೆನ್ ಕಿಂಗ್ ಯೇಸುವಿನ ಹೆಂಡತಿಯ ಮಾತಿರುವ ಒಂದು ಪಪೈರಸ್ ಚೂರನ್ನು ಲೋಕದ ಮುಂದಿಟ್ಟಾಗ ಗದ್ದಲವೆದ್ದಿತು. ಅದು ಖೋಟಾ ಇರಬೇಕು ಎಂದು 2016ರಲ್ಲಿ ಅವರೇ ಒಪ್ಪಿಕೊಂಡರು. ಯೇಸು ಮದುವೆಯಾಗಿದ್ದ ಎಂದು ನಂಬಲು ನನಗೆ ಆಧಾರವಿಲ್ಲ, ನಂಬುವುದೂ ಇಲ್ಲ. ನನ್ನ ತಕರಾರು ಬೇರೆ. ಚಪ್ಪರದ ಕೆಳಗಿನ ಹಿರಿಯರಿಗೂ ಮಣಿಪಾಲದ ಹುಡುಗರಿಗೂ ಜಗಳವೇ ಇಲ್ಲ. ಹೆಂಡತಿ ಬಂದರೆ ದೇವತ್ವ ಹೋಯಿತು ಎಂಬುದರಲ್ಲಿ ಇಬ್ಬರೂ ಒಂದೇ. ಒಬ್ಬರು ಅದನ್ನು ಭಕ್ತಿಯಿಂದ ಹೇಳುತ್ತಾರೆ, ಇನ್ನೊಬ್ಬರು ಗೇಲಿಯಿಂದ. 451ರಲ್ಲಿ ಕಲ್ಸೆದೋನಿನಲ್ಲಿ ಸೇರಿದ ಮಹಾಸಭೆ ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ, ಒಂದು ಇನ್ನೊಂದನ್ನು ಕುಂದಿಸುವುದಿಲ್ಲ ಎಂದು ತೀರ್ಮಾನಿಸಿತು. ಹಸಿವು, ನಿದ್ದೆ, ಕಣ್ಣೀರು, ಸಾವು ಕುಂದಿಸದ ದೇವತ್ವವನ್ನು ಸಂಸಾರ ಮಾತ್ರ ಕುಂದಿಸುತ್ತದೆ ಎನ್ನುವವರು ಆ ತೀರ್ಮಾನವನ್ನೇ ಒಪ್ಪಿಲ್ಲವೆಂದಾಯಿತು.

ಮೂರನೆಯ ಮಾತನ್ನು ಉಡುಪಿಯಂಥ ಊರಿನಲ್ಲೇ ಕೇಳಬೇಕು. ನಿಮ್ಮ ದೇವರಿಗೆ ಲಕ್ಷ್ಮಿಯಿಲ್ಲ, ಪಾರ್ವತಿಯಿಲ್ಲ, ಆದ್ದರಿಂದ ಸಂಸಾರಕ್ಕೂ ನಿಮ್ಮ ದೇವರಿಗೂ ದೂರ ಎಂದು ನೆರೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ನಮ್ಮವರು ತಲೆಯಾಡಿಸಿ, ಕೃಷ್ಣಮಠದಲ್ಲಿ ಪೂಜೆ ಮಾಡುವವರೂ ಸನ್ಯಾಸಿಗಳೇ ಅಲ್ಲವೇ, ನಮ್ಮ ಫಾದರುಗಳೂ ಹಾಗೆಯೇ ಎಂದು ಸೇರಿಸುತ್ತಾರೆ. ಅಷ್ಟಮಠದ ಯತಿಗಳು ಬ್ರಹ್ಮಚಾರಿಗಳು, ನಿಜ. ಅವರು ಪೂಜಿಸುವ ಕೃಷ್ಣನಾದರೋ ರುಕ್ಮಿಣಿಯ ಗಂಡ. ಆ ಮೂರ್ತಿಯನ್ನು ದ್ವಾರಕೆಯಲ್ಲಿ ರುಕ್ಮಿಣಿಯೇ ಪೂಜಿಸುತ್ತಿದ್ದಳೆಂದು ಸ್ಥಳಪುರಾಣ ಹೇಳುತ್ತದೆ. ಪೂಜಿಸುವವನ ವ್ರತದಿಂದ ಪೂಜೆಗೊಳ್ಳುವವನನ್ನು ಅಳೆಯಲು ಉಡುಪಿಯಲ್ಲಿ ಯಾರೂ ಹೋಗಿಲ್ಲ. ಇನ್ನು ಕ್ರೈಸ್ತ ದೇವರ ಸಂಗತಿ. 325ರ ನಿಸೇಯ ಸಭೆ ದೇವರ ಅಂತರಂಗವನ್ನು ಹೇಳಲು ಅರಸ, ಸೈನ್ಯ, ಸಿಂಹಾಸನದ ಪದಗಳನ್ನು ಆರಿಸಲಿಲ್ಲ. ತಂದೆ, ಮಗ ಎಂಬ ಮನೆಯ ಪದಗಳನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. ಆ ತಂದೆತನಕ್ಕೆ ಹೆಣ್ಣುಗಂಡಿನ ಕೂಟದ ಅರ್ಥವಿಲ್ಲ ಎಂಬುದು ನನಗೂ ಗೊತ್ತು. ಆದರೂ ಮನೆಯ ಮಾತು ದೇವರಿಗೆ ಕೀಳಾಗಿದ್ದರೆ, ನಾವು ದಿನವೂ ಹಣೆ ಮುಟ್ಟಿಕೊಂಡು ಹೇಳುವ ಹೆಸರೇ ಅದಾಗುತ್ತಿರಲಿಲ್ಲ.

ಕಾರ್ಕಳದವರೊಬ್ಬರು ಇದಕ್ಕೆ ಎದುರು, 1432ರಿಂದ ಬೆಟ್ಟದ ಮೇಲೆ ನಿಂತಿರುವ ಗೊಮ್ಮಟನನ್ನು ನೋಡಿ, ಎಲ್ಲ ಬಿಟ್ಟವನೇ ದೊಡ್ಡವನು ಎಂದರು. ಆ 42 ಅಡಿಯ ಮೌನದ ಮುಂದೆ ನಾನೂ ಕೈಮುಗಿದಿದ್ದೇನೆ. ಆದರೆ ಆ ಅಳತೆಗೋಲು ಜೈನರದು. ಅಲ್ಲಿ ಮನುಷ್ಯ ಒಂದೊಂದನ್ನೇ ಕಳಚುತ್ತ ಮೇಲೇರುತ್ತಾನೆ. ಕ್ರೈಸ್ತ ನಂಬಿಕೆಯಲ್ಲಿ ನಡೆ ತಿರುಗುಮುರುಗು: ದೇವರೇ ಇಳಿದು ಬಂದು ತಾಯಿಯ ಗರ್ಭ, ಬಡಗಿಯ ಮನೆ, ಊರಿನ ನೆಂಟಸ್ತಿಕೆ ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುತ್ತಾನೆ. ಬೋಧನೆಗೆ ಹೊರಟಾಗ ಯೇಸುವಿಗೆ ಸುಮಾರು ಮೂವತ್ತು ವರ್ಷ. ಅಲ್ಲಿಯತನಕ ನಜರೇತಿನ ಒಂದು ಮನೆಯಲ್ಲಿ ಅಪ್ಪ ಅಮ್ಮ ಹೇಳಿದಂತೆ ಕೇಳಿಕೊಂಡಿದ್ದ.

ಈಗ ಎಲ್ಲರೂ ಕೊನೆಗೆ ಹಿಡಿಯುವ ಹಗ್ಗ: ಗುರುಗಳು ಮದುವೆಯಾಗುವುದಿಲ್ಲ, ಆದ್ದರಿಂದ ಮದುವೆ ಕೀಳು. ಇದು ಎಷ್ಟು ಹಳೆಯ ಹಗ್ಗ ಎಂದು ನೋಡೋಣ. ಪೇತ್ರನ ಅತ್ತೆಗೆ ಜ್ವರ ಬಂದಿತ್ತು, ಯೇಸು ವಾಸಿಮಾಡಿದ. ಅತ್ತೆ ಇದ್ದಳೆಂದರೆ ಹೆಂಡತಿಯೂ ಇದ್ದಳು. ಪೇತ್ರ ಮತ್ತು ಇತರ ಅಪೊಸ್ತಲರು ಹೆಂಡತಿಯರೊಡನೆ ಊರೂರು ತಿರುಗುತ್ತಿದ್ದರೆಂದು ಪೌಲನೇ ಕೊರಿಂಥದವರಿಗೆ ಬರೆದ. ತಿಮೊಥೆಗೆ ಬರೆದ ಪತ್ರದಲ್ಲಿ ಬಿಷಪನಾಗುವವನು ಒಬ್ಬಳೇ ಹೆಂಡತಿಯವನಾಗಿರಬೇಕು, ಮನೆ ನಡೆಸಲಾರದವನು ಸಭೆಯನ್ನು ಹೇಗೆ ನಡೆಸಿಯಾನು ಎಂಬ ಮಾತಿದೆ. ಸಂಸಾರ ಅಲ್ಲಿ ಅಡ್ಡಿಯಲ್ಲ, ಅರ್ಹತೆ. ಇದಕ್ಕೆ ಎದುರಾಗಿ ನಾಲ್ಕನೆಯ ಶತಮಾನದ ಆರಂಭದ ಎಲ್ವಿರಾ ಸಭೆಯನ್ನು ತೋರಿಸುತ್ತಾರೆ. ಗುರುಗಳು ಹೆಂಡತಿಯರಿಂದ ದೂರವಿರಬೇಕೆಂದು ಅಲ್ಲಿ ನಿಯಮವಾಯಿತು ನಿಜ. ಹೆಂಡತಿಯರು ಇದ್ದದ್ದರಿಂದಲೇ ತಾನೆ ಆ ನಿಯಮ? ಗುರುಗಳ ಮದುವೆಗಳು ಮದುವೆಗಳೇ ಅಲ್ಲ ಎಂದು ಲ್ಯಾಟಿನ್ ಚರ್ಚು ಘೋಷಿಸಿದ್ದು 1139ರ ಎರಡನೆಯ ಲ್ಯಾಟರನ್ ಸಭೆಯಲ್ಲಿ. ದೇವತ್ವದ ಸ್ವಭಾವವೇ ಮದುವೆಯನ್ನು ಒಲ್ಲದಿದ್ದರೆ, ಅದು ತಿಳಿಯಲು ಸಾವಿರ ವರ್ಷ ಬೇಕಾಗುತ್ತಿತ್ತೇ?

ಇಷ್ಟು ದೂರ ಹೋಗುವುದೂ ಬೇಡ. ಉಡುಪಿಯಿಂದ ಕುಂದಾಪುರದ ಬಸ್ಸು ಹತ್ತಿ ಬ್ರಹ್ಮಾವರದಲ್ಲಿ ಇಳಿಯಿರಿ. ಅಲ್ಲಿಯ ಆರ್ಥೊಡಾಕ್ಸ್ ಸಭೆಯವರು ನಮ್ಮ ಹಾಗೆಯೇ ಕೊಂಕಣಿ ಆಡುವವರು, ನಮ್ಮದೇ ನೆಂಟರಿಷ್ಟರು. ರೋಮಿನ ಸಭೆಯಿಂದ ಒಡೆದು ಬಂದ ಗೋವೆಯ ಫಾದರ್ ಆಲ್ವಾರಿಸ್ 1889ರಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪರಾದರು. ಅವರ ಜೊತೆಗಾರ ಫಾದರ್ ನೊರೊನ್ಹಾ ಬ್ರಹ್ಮಾವರದಲ್ಲಿ ನೆಲೆನಿಂತರು. ಆ ಒಡಕಿಗೆ ಕಾರಣ ಬ್ರಹ್ಮಚರ್ಯವಲ್ಲ, ಪೋರ್ಚುಗೀಸರ ಅಧಿಕಾರವೋ ರೋಮಿನ ಅಧಿಕಾರವೋ ಎಂಬ ಜಗಳ. ಆದರೆ ಸೇರಿದ್ದು ಗುರುಗಳು ದೀಕ್ಷೆಗೆ ಮೊದಲು ಮದುವೆಯಾಗಬಹುದಾದ ಮಲಂಕರ ಸಭೆಗೆ. ಅಲ್ಲಿಯೂ ಬಿಷಪರು ಬ್ರಹ್ಮಚಾರಿಗಳೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪೂಜೆ ಮುಗಿಸಿ ಹೆಂಡತಿ ಮಕ್ಕಳಿರುವ ಮನೆಗೆ ಹೋಗುವ ಗುರು ಅರ್ಪಿಸಿದ ರೊಟ್ಟಿಯನ್ನು ರೋಮು ಸುಳ್ಳು ಎಂದಿಲ್ಲ. ಆರ್ಥೊಡಾಕ್ಸರ ಸಂಸ್ಕಾರಗಳು ನಿಜವಾದವು ಎಂದೇ ಅದರ ನಿಲುವು. ರೋಮಿನ ಅಧೀನದಲ್ಲೇ ಇರುವ ಹಲವು ಪೌರಸ್ತ್ಯ ಸಭೆಗಳಲ್ಲೂ ಸಂಸಾರಿ ಗುರುಗಳಿದ್ದಾರೆ. ಗುರುತ್ವದ ಸ್ವಭಾವವೇ ಬ್ರಹ್ಮಚರ್ಯವನ್ನು ಕೇಳುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಸಭೆ 1965ರಲ್ಲಿ ಒಪ್ಪಿಕೊಂಡಿತು. ಇನ್ನು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು. ಅವರಲ್ಲೊಬ್ಬರಾಗಿ 1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಹೆಂಡತಿಯನ್ನು ಕಳೆದುಕೊಂಡ ಮೇಲೆ ಆಕೆಯ ಸೋದರಿಯ ಕೈಹಿಡಿದವರು. ಅವರ ಧರ್ಮಸೇವೆಗೆ ಅದರಿಂದ ಏನು ಕಡಿಮೆಯಾಯಿತು?

ಪೌಲನು ಮದುವೆಯಾಗದಿರುವುದೇ ಒಳ್ಳೆಯದು ಎಂದಿಲ್ಲವೇ ಎನ್ನುತ್ತಾರೆ. ಎಂದಿದ್ದಾನೆ. ಅದೇ ಅಧ್ಯಾಯದಲ್ಲಿ, ಈ ವಿಷಯದಲ್ಲಿ ಪ್ರಭುವಿನ ಆಜ್ಞೆ ತನ್ನ ಬಳಿ ಇಲ್ಲ, ಇದು ತನ್ನ ಅಭಿಪ್ರಾಯ, ಕಾಲ ಸಂಕಟದ್ದು ಎಂದೂ ಹೇಳಿದ್ದಾನೆ. ಪ್ರತಿಯೊಬ್ಬನಿಗೂ ಅವನವನ ವರವಿದೆ ಎಂದೂ ಹೇಳಿದ್ದಾನೆ. ತನ್ನ ಅಭಿಪ್ರಾಯ ಎಂದು ಅವನೇ ಗುರುತು ಮಾಡಿಟ್ಟದ್ದನ್ನು ದೇವರ ಕಟ್ಟಳೆ ಮಾಡುವ ಹಕ್ಕು ಇವರಿಗೆಲ್ಲಿಂದ ಬಂತು? ನಾಲ್ಕನೆಯ ಶತಮಾನದಲ್ಲಿ ಕೆಲವರು ಹೀಗೆಯೇ ಮಾಡಿದರು. ಸಂಸಾರಿ ಗುರುವಿನ ಕೈಯಿಂದ ಪ್ರಸಾದ ಬೇಡವೆಂದರು. ಅವರಿಗಾಗಿಯೇ ಈಗಿನ ತುರ್ಕಿಯ ಗಂಗ್ರಾದಲ್ಲಿ ಬಿಷಪರು ಸೇರಿ, ಮದುವೆಯನ್ನು ಹೀಗಳೆಯುವವನಿಗೆ ಬಹಿಷ್ಕಾರ ಎಂದರು. ಪ್ರಭುವಿಗಾಗಿ ಬ್ರಹ್ಮಚರ್ಯ ಹಿಡಿದು ಸಂಸಾರಿಗಳ ಮುಂದೆ ಬೀಗುವವನಿಗೂ ಬಹಿಷ್ಕಾರ ಎಂದರು. ರೋಸ್ ಚಪ್ಪರದಲ್ಲಿ ನಾನು ಕೇಳಿಸಿಕೊಂಡ ಮಾತನ್ನು ಚರ್ಚು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಕೇಳಿ, ವಿಚಾರಣೆ ಮಾಡಿ, ಹೊರಗೆ ಹಾಕಿದೆ.

ಎದುರಾಳಿಗಳ ಕೈಯಲ್ಲಿ ಒಂದು ನಿಜವಾದ ಆಯುಧವಿದೆ, ಅದನ್ನು ನಾನೇ ಎತ್ತಿ ತೋರಿಸುತ್ತೇನೆ. 1563ರ ನವೆಂಬರಿನಲ್ಲಿ ಟ್ರೆಂಟ್ ಮಹಾಸಭೆ, ಮದುವೆಗಿಂತ ಬ್ರಹ್ಮಚರ್ಯ ಮೇಲು ಎಂಬುದನ್ನು ಒಪ್ಪದವರನ್ನು ಖಂಡಿಸಿತು. ಕಟ್ಟಳೆಗಳಲ್ಲಿ ಅದು ಹತ್ತನೆಯದು. ಅದೇ ದಿನ, ಅದೇ ಸಾಲಿನ ಮೊದಲನೆಯ ಕಟ್ಟಳೆ ಯಾವುದು? ಮದುವೆ ಕ್ರಿಸ್ತನೇ ಸ್ಥಾಪಿಸಿದ, ಕೃಪೆ ಕೊಡುವ ಸಂಸ್ಕಾರ, ಏಳರಲ್ಲಿ ಒಂದು ಎಂಬುದು. ಸನ್ಯಾಸಕ್ಕೆ ಆ ಏಳರಲ್ಲಿ ಜಾಗವಿಲ್ಲ. ಮೇಲು ಎಂದರೆ ಇನ್ನೊಂದು ಮೈಲಿಗೆ ಎಂದಲ್ಲ. ಉಪವಾಸ ಊಟಕ್ಕಿಂತ ಮೇಲಾಗಬಹುದು, ಅನ್ನ ಅದರಿಂದ ಅಪವಿತ್ರವಾಗುವುದಿಲ್ಲ. ಲ್ಯಾಟಿನ್ ಪದ್ಧತಿಯಲ್ಲಿ ಆ ಸಂಸ್ಕಾರ ಕೊಡುವವರೂ ಗುರುವಲ್ಲ, ಮದುಮಗ ಮದುಮಗಳೇ. ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ, ಗುರು ಸಾಕ್ಷಿ. ದೇವರ ಕೃಪೆ ಹಾಯುವ ಕೈ ಆ ಹೊತ್ತಿಗೆ ಬಳೆ ತೊಟ್ಟ ಕೈ.

ಪೀಠದ ಮೇಲಿನ ಸಂತರೆಲ್ಲ ಬ್ರಹ್ಮಚಾರಿಗಳೇ ಎನ್ನುವವರಿಗೆ ಉತ್ತರ ಸುಲಭ. 2015ರ ಅಕ್ಟೋಬರ್ 18ರಂದು ಲೂಯಿ ಮತ್ತು ಜೆಲಿ ಮಾರ್ತೆನ್ ಗಂಡಹೆಂಡಿರಾಗಿ ಒಟ್ಟಿಗೆ ಸಂತರಾದರು. ಆತ ಗಡಿಯಾರ ಮಾಡುವವನು, ಆಕೆ ಲೇಸ್ ಹೆಣೆಯುವವಳು, ಒಂಬತ್ತು ಮಕ್ಕಳನ್ನು ಹೆತ್ತು ನಾಲ್ಕನ್ನು ಮಣ್ಣು ಮಾಡಿದವಳು. 2022ರಲ್ಲಿ ಸಂತರಾದ ತಿರುವಾಂಕೂರಿನ ದೇವಸಹಾಯಂ ಕೂಡ ಸಂಸಾರಿ. ಚರ್ಚಿನ ಪಂಚಾಂಗ ತೆಗೆದು ನೋಡಿ. ಉಳಿದ ಸಂತರಿಗೆ ಸಾಮಾನ್ಯವಾಗಿ ಸತ್ತ ದಿನ ಹಬ್ಬ. ಹುಟ್ಟಿದ ದಿನ ಹಬ್ಬವಿರುವುದು ಮೂವರಿಗೆ: ಯೇಸು, ಮರಿಯಮ್ಮ, ಸ್ನಾನಿಕ ಯೋಹಾನ. ಆ ಯೋಹಾನನ ಅಪ್ಪ ಜಕರಿಯ ದೇವಾಲಯದ ಪುರೋಹಿತ. ಧೂಪ ಹಾಕುತ್ತಿದ್ದಾಗ ಗರ್ಭಗುಡಿಯ ಬಾಗಿಲಲ್ಲೇ ದೂತ ಬಂದು, ನಿನ್ನ ಹೆಂಡತಿ ಗಂಡುಮಗುವನ್ನು ಹೆರುತ್ತಾಳೆ ಎಂದ. ಮರಿಯಮ್ಮನ ಹುಟ್ಟುಹಬ್ಬ ನಮಗೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್. ಇಗರ್ಜಿಯಲ್ಲಿ ಆಶೀರ್ವಾದವಾದ ತೆನೆಯನ್ನು ಕರವಸ್ತ್ರದಲ್ಲಿ ಸುತ್ತಿ ತರುತ್ತೇವೆ. ನಮ್ಮಮ್ಮ ಉಗುರಿನಿಂದ ಒಂದೊಂದೇ ಭತ್ತದ ಸಿಪ್ಪೆ ಬಿಡಿಸಿ, ಹಸಿ ಅಕ್ಕಿಯನ್ನು ಜಜ್ಜಿ ಹಾಲಿಗೆ ಬೆರೆಸುತ್ತಿದ್ದರು. ಅಪ್ಪ ಜಪ ಹೇಳಿ ಎಲ್ಲರಿಗೂ ಹಂಚುತ್ತಿದ್ದರು, ತೊಟ್ಟಿಲ ಕೂಸಿನ ನಾಲಿಗೆಗೂ ಒಂದು ಹನಿ. ಆ ಹೊಸ ಅಕ್ಕಿಯ ಪೂಜೆಗೆ ನಮ್ಮ ಮನೆಯಲ್ಲಿ ಫಾದರ್ ಇರುತ್ತಿರಲಿಲ್ಲ, ದೇವರಿರುತ್ತಿದ್ದ. ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಾಕ್ಕೆ ಜಾತ್ರೆಯಲ್ಲಿ ಬರುವವರ ಹರಕೆಯೇನು ಕೇಳಿ. ಮಗಳಿಗೆ ಗಂಡು, ಸೊಸೆಗೆ ಕೂಸು, ಗಂಡನ ಕುಡಿತ ಬಿಡಲಿ. ದೇವತ್ವಕ್ಕೆ ಸಂಸಾರ ಸಲ್ಲದಿದ್ದರೆ ಆ ಮೇಣದಬತ್ತಿಗಳೆಲ್ಲ ಯಾರ ಮುಂದೆ ಉರಿಯುತ್ತಿವೆ?

ಕೊನೆಯದು, ಸ್ವರ್ಗದಲ್ಲಿ ಮದುವೆಯಿಲ್ಲ ಎಂಬುದು. ಏಳು ಮಂದಿ ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೆ ಒಬ್ಬರಂತೆ ಮದುವೆಯಾದ ಹೆಂಗಸು ಅಲ್ಲಿ ಯಾರ ಹೆಂಡತಿ ಎಂದು ಸದ್ದುಕಾಯರು ಕೊಂಕು ಪ್ರಶ್ನೆ ಕೇಳಿದಾಗ, ಪುನರುತ್ಥಾನವಾದವರು ಮದುವೆ ಮಾಡಿಕೊಳ್ಳುವುದಿಲ್ಲ ಎಂದ ಯೇಸು. ಅಲ್ಲಿ ಜ್ಞಾನಸ್ನಾನವೂ ಇಲ್ಲ, ಪಾಪನಿವೇದನೆಯೂ ಇಲ್ಲ, ಗುರುದೀಕ್ಷೆಯೂ ಇಲ್ಲ. ಕಾರ್ಕಳದಲ್ಲಿ ಬಸ್ಸು ಹತ್ತಿದವರು ಹಿರಿಯಡ್ಕ, ಪರ್ಕಳ, ಮಣಿಪಾಲ ದಾಟಿ ಉಡುಪಿ ಬಂದ ಮೇಲೆ ಇಳಿಯುತ್ತಾರೆ. ಇಳಿದರು ಎಂಬ ಕಾರಣಕ್ಕೆ ಬಸ್ಸು ಹತ್ತಿದ್ದೇ ತಪ್ಪಾಗುವುದಿಲ್ಲ. ಆ ಉತ್ತರ ಇರುವುದು ಮತ್ತಾಯನ 22ನೆಯ ಅಧ್ಯಾಯದ 30ನೆಯ ವಚನದಲ್ಲಿ. ಅದೇ ಅಧ್ಯಾಯದ 2ನೆಯ ವಚನದಲ್ಲಿ ಯೇಸು ಸ್ವರ್ಗರಾಜ್ಯ ಹೇಗಿದೆ ಎಂದು ಹೇಳಲು ಹೊರಟು, ಮಗನ ಮದುವೆಗೆ ಊಟ ಸಿದ್ಧಮಾಡಿಸಿದ ಅರಸನ ಕಥೆ ತೆಗೆಯುತ್ತಾನೆ. ಮೂವತ್ತನೆಯದನ್ನು ಬಾಯಿಪಾಠ ಮಾಡಿಕೊಂಡಿರುವ ಹಿರಿಯರು ಎರಡನೆಯದನ್ನು ಯಾವಾಗ ದಾಟಿ ಹೋದರು?