ಹಲಾಲ್ ಮುದ್ರೆಯೂ ಹೊಸತೊಡಕಿನ ಗುಡ್ಡೆಯೂ

ಯುಗಾದಿ ಸಮೀಪಿಸಿತೆಂದರೆ ನಮ್ಮ ಬಂಧುಬಳಗದ ವಾಟ್ಸಪ್ ಗುಂಪಿಗೆ ಒಂದು ಪಟ್ಟಿ ತಪ್ಪದೆ ಬರುತ್ತದೆ. ಇಂತಿಂಥ ಬಿಸ್ಕತ್ತು, ಇಂತಿಂಥ ಸಾಬೂನಿನ ಮೇಲೆ ಹಲಾಲ್ ಮುದ್ರೆಯಿದೆ, ಕೊಳ್ಳಬೇಡಿ; ಹೊಸತೊಡಕಿಗೆ ಹಲಾಲ್ ಮಾಂಸ ತರಬೇಡಿ ಎಂದು. ಕಳುಹಿಸುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಒಬ್ಬೊಬ್ಬರಿಗೂ ಪ್ರತ್ಯೇಕ ಉತ್ತರ ಬರೆಯುವುದಕ್ಕಿಂತ ಇಲ್ಲಿಯೇ ಬರೆದುಬಿಡುವುದು ಲೇಸೆಂದು ತೋರಿತು.

ಮೊದಲು ಶಬ್ದದ ವಿಚಾರ. ಮೇಷ್ಟರ ಚಾಳಿ, ಬಿಡಲಾಗದು. ಹಲಾಲ್ ಎಂಬುದು ಅರಬ್ಬೀ ಪದ, 'ವಿಹಿತವಾದದ್ದು' ಎಂದು ಅರ್ಥ. ಅದರ ವಿರುದ್ಧಪದವಾದ ಹರಾಮ್ ನಮಗೆ ಬೈಗುಳಾಗಿ ಚಿರಪರಿಚಿತ. ಈಗಿನ ಗದ್ದಲದಲ್ಲಿ ಈ ಒಂದೇ ಪದದ ಕೆಳಗೆ ಎರಡು ಬೇರೆ ಬೇರೆ ಸಂಗತಿಗಳನ್ನು ತುರುಕಲಾಗಿದೆ. ಒಂದು, ಕುರಿಯ ಕತ್ತನ್ನು ಕೊಯ್ಯುವ ಕ್ರಮ. ಇನ್ನೊಂದು, ಕಾರ್ಖಾನೆಯ ಸರಕಿಗೆ ಖಾಸಗಿ ಸಂಸ್ಥೆಯೊಂದು ಶುಲ್ಕ ಪಡೆದು ಕೊಡುವ ಪ್ರಮಾಣಪತ್ರ. ಪೇಟೆಯ ಮಾಂಸದಂಗಡಿಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆದ 'ಹಲಾಲ್' ಎಂಬ ಪದಕ್ಕೂ ಈ ಪ್ರಮಾಣಪತ್ರಕ್ಕೂ ಏನೇನೂ ಸಂಬಂಧವಿಲ್ಲ. ಎರಡನ್ನೂ ಕಲಸಿ ಕೂಗಿದರೆ ಕೂಗು ಜೋರಾಗುತ್ತದೆ, ವಿಷಯ ತಿಳಿಯಾಗುವುದಿಲ್ಲ.

ಕತ್ತಿಯ ವಿಚಾರವನ್ನೇ ನೋಡೋಣ. 2022ರಲ್ಲಿ ಏಪ್ರಿಲ್ 2ಕ್ಕೆ ಯುಗಾದಿ, ಮರುದಿನ ಹೊಸತೊಡಕು. ಅದಕ್ಕೆ ಮುನ್ನ ರಾಜ್ಯದಾದ್ಯಂತ ಹಲಾಲ್ ಮಾಂಸ ಬಹಿಷ್ಕರಿಸಿರೆಂಬ ಕರೆ ಎದ್ದಿತು, ಸಿ.ಟಿ. ರವಿಯವರು ಅದನ್ನು 'ಆರ್ಥಿಕ ಜಿಹಾದ್' ಎಂದು ಕರೆದರು. ಅನ್ಯದೇವರ ಹೆಸರೆತ್ತಿ ಕೊಯ್ದದ್ದನ್ನು ನಮ್ಮ ದೇವರಿಗೆ ಎಡೆಯಿಡಬಹುದೇ ಎಂಬುದು ವಾದ. ಎಡೆಯಿಡುವವರಿಗೆ ಆ ಸಂಕೋಚ ಇರುವುದು ಸಹಜ. ಅದನ್ನು ನಾನು ಹಾಸ್ಯ ಮಾಡಲಾರೆ. ಆದರೆ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಹೊಸತೊಡಕು ನಡೆಯುವ ಬಗೆಯನ್ನು ಈ ಕರೆ ಕೊಟ್ಟವರು ಕಂಡಿದ್ದಾರೆಯೇ? ಹತ್ತಾರು ಮನೆಯವರು ಚೀಟಿ ಕಟ್ಟಿ, ಹಣ ಕೂಡಿಸಿ, ಮರಿ ತಂದು ಊರಲ್ಲೇ ಕೊಯ್ದು, ಮಾಂಸವನ್ನು ಸಮನಾದ ಗುಡ್ಡೆಗಳಾಗಿ ಹಾಕಿ ಹಂಚಿಕೊಳ್ಳುತ್ತಾರೆ. ತಲೆ, ಕಾಲು, ಬೋಟಿ ಯಾರ ಪಾಲಿಗೆ ಎಂಬುದಕ್ಕೇ ಅಲ್ಲಿ ದೊಡ್ಡ ಚರ್ಚೆ. ಮಾರಮ್ಮನ ಹಬ್ಬಕ್ಕೆ ಒಂದೇ ಏಟಿಗೆ ಮರಿ ಹೊಡೆಯುವ ರೂಢಿಯೂ ಇದೆ. (ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿ ಕೂಡದೆಂಬ ಕಾನೂನು 1959ರಿಂದಲೂ ಇದೆ, ಅದನ್ನು ಯಾರೂ ಪಟ್ಟಿ ಮಾಡಿ ಕಳುಹಿಸಿದ್ದನ್ನು ನಾನು ಕಾಣೆ.) ತಮ್ಮ ಕ್ರಮದಲ್ಲಿ ಕೊಯ್ದು ತಿನ್ನುವುದಕ್ಕೆ ನಮ್ಮ ರೈತನಿಗೆ ಯಾರ ಅಪ್ಪಣೆಯೂ ಎಂದೂ ಬೇಕಾಗಿರಲಿಲ್ಲ. ಇಲ್ಲದ ಸೆರೆಯಿಂದ ಅವನನ್ನು ಬಿಡಿಸುತ್ತೇವೆಂದು ಹೊರಟವರನ್ನು ಏನೆನ್ನೋಣ?

ಇನ್ನು ನಷ್ಟ ಯಾರಿಗೆ? ಮಾಂಸದಂಗಡಿಯವನಿಗೆ ಮಾತ್ರವೆಂದು ತಿಳಿದವರು ಸಂತೆಗೆ ಹೋದವರಲ್ಲ. ನಮ್ಮ ಜಿಲ್ಲೆ ಬಂಡೂರು ಕುರಿಯ ತವರು. ಕುರಿ ಸಾಕುವವರಲ್ಲಿ ಬಹುಪಾಲು ಕುರುಬರು, ಒಕ್ಕಲಿಗರು, ದಲಿತರು. ಸಂತೆಯಲ್ಲಿ ಕೊಳ್ಳುವವರಲ್ಲಿ ಮುಸಲ್ಮಾನ ವ್ಯಾಪಾರಿಗಳು ಗಣನೀಯವಾಗಿ ಇದ್ದಾರೆ. ಕೂಗುವ ಬಾಯಿ ಕಡಿಮೆಯಾದಷ್ಟೂ ಮರಿಯ ಬೆಲೆ ಇಳಿಯುತ್ತದೆ. ಮಗಳ ಫೀಜಿಗೆಂದು ಮರಿ ಹೊಡೆದುಕೊಂಡು ಬಂದವನು ಸಂಜೆ ಅದನ್ನೇ ಹಿಂದಕ್ಕೆ ಹೊಡೆದುಕೊಂಡು ಹೋಗಬೇಕಾಗುತ್ತದೆ.

ಪ್ರಮಾಣಪತ್ರದ ವಿಚಾರ ಬೇರೆ. ಇಲ್ಲಿ ವಿರೋಧಿಗಳ ಮಾತಿನಲ್ಲಿ ತಿರುಳಿದೆ, ಅದನ್ನು ಒಪ್ಪದಿರುವುದು ಅಪ್ರಾಮಾಣಿಕತೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಮೇಲುಕೋಟೆಯ ಅಯ್ಯಂಗಾರ್ಯರು ನಿಶ್ಚಿಂತರಾಗುತ್ತಾರೆ. ಹಲಾಲ್ ಮುದ್ರೆಯೂ ಅಂಥದೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಗತ್ಯದ ದೃಷ್ಟಿಯಿಂದ ಅಂಥದೇ. ಜೆಲಟಿನ್ ಮೂಳೆ-ಚರ್ಮಗಳಿಂದ ಬರುತ್ತದೆ, ಗ್ಲಿಸರಿನ್ ಪ್ರಾಣಿಯ ಕೊಬ್ಬಿನಿಂದಲೂ ಸಸ್ಯದ ಎಣ್ಣೆಯಿಂದಲೂ ಬರಬಹುದು. ತಿನ್ನುವವನಿಗೆ ತಿಳಿಯುವ ಹಕ್ಕಿದೆ. ಆದರೆ ಹಸಿರು ಚುಕ್ಕೆ ಸರ್ಕಾರದ ಕಾನೂನು. ಅದು ಸುಳ್ಳಾದರೆ 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಮೂರು ಲಕ್ಷದವರೆಗೆ ದಂಡ. ಹಲಾಲ್ ಮುದ್ರೆಯನ್ನು ಕೊಡುವವರು ಖಾಸಗಿ ಕಂಪನಿಗಳು ಮತ್ತು ಧಾರ್ಮಿಕ ಟ್ರಸ್ಟುಗಳು. ದೇಶದೊಳಗಿನ ಮಾರಾಟದ ಮಟ್ಟಿಗೆ, ಅವರು ಪಡೆಯುವ ಶುಲ್ಕವೆಷ್ಟು, ಪರೀಕ್ಷಿಸುವ ಕ್ರಮವೇನು ಎಂಬುದನ್ನು ಗ್ರಾಹಕನ ಮುಂದಿಡಬೇಕೆಂಬ ಕಟ್ಟುಪಾಡು ಎಲ್ಲಿದೆ? ಕೇಳಿದವರನ್ನು ಕೋಮುವಾದಿಯೆಂದು ಬೈದು ಕೂರಿಸುವುದೂ ಉತ್ತರವಲ್ಲ.

ಹಾಗೆಂದು ಉತ್ತರ ಪ್ರದೇಶ ಸರ್ಕಾರ 2023ರ ನವೆಂಬರ್‌ನಲ್ಲಿ ಮಾಡಿದಂತೆ, ರಫ್ತಿನದನ್ನು ಬಿಟ್ಟು ಉಳಿದ ಹಲಾಲ್ ಮುದ್ರೆಯ ಸರಕನ್ನೆಲ್ಲ ನಿಷೇಧಿಸುವುದೇ? ವಿದೇಶಿಯನಿಗೆ ಮಾರುವಾಗ ಪವಿತ್ರವಾಗುವ ಮುದ್ರೆ ಲಖನೌದ ಅಂಗಡಿಯಲ್ಲಿ ಅಪರಾಧವಾಗುವುದು ಯಾವ ತರ್ಕ? ಇಂಡೋನೇಷ್ಯಾದ 2014ರ ಕಾನೂನು ಆ ಮುದ್ರೆಯನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದೆ. ಅಲ್ಲಿಗೆ ಮಾರಬೇಕೆಂಬ ನಮ್ಮ ಕಂಪನಿ ಪಡೆದೇ ತೀರಬೇಕು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಮಾಂಸದ ರಫ್ತಿಗೆ ಒಂದು ಮಾರ್ಗ ತೋರಿಸಿತು: ಭಾರತೀಯ ಗುಣಮಟ್ಟ ಪರಿಷತ್ತಿನ ಮಂಡಳಿಯಿಂದ ಮಾನ್ಯತೆ ಪಡೆದ ಸಂಸ್ಥೆ ಮಾತ್ರ ಹಲಾಲ್ ಪ್ರಮಾಣಪತ್ರ ಕೊಡಬೇಕೆಂದು. ಅದೇ ಮಾನ್ಯತೆ, ಅದೇ ಲೆಕ್ಕಪರಿಶೋಧನೆ ದೇಶದೊಳಗಿನ ಮುದ್ರೆಗೂ ಬರಲಿ. ಬೇಕಾದವರು ಕೊಳ್ಳಲಿ, ಬೇಡವಾದವರು ಬಿಡಲಿ. ಇಷ್ಟು ಸರಳವಾದದ್ದನ್ನು ಯಾವ ಪಕ್ಷದವರೂ ಕೇಳುತ್ತಿಲ್ಲವಲ್ಲ!

ಮಾಂಸದ ಬಗ್ಗೆ ನಿಜವಾಗಿ ಕಾಳಜಿಯಿರುವವರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. 2001ರ ಕಸಾಯಿಖಾನೆ ನಿಯಮಗಳಂತೆ ಪುರಸಭೆಯ ವ್ಯಾಪ್ತಿಯಲ್ಲಿ ಮಾನ್ಯತೆ ಪಡೆದ ಕಸಾಯಿಖಾನೆಯಲ್ಲಿ ಮಾತ್ರ ಕೊಯ್ಯಬೇಕು, ಮೊದಲು ಪಶುವೈದ್ಯರು ಪ್ರಾಣಿಯನ್ನು ಪರೀಕ್ಷಿಸಬೇಕು. ಒಬ್ಬ ವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ನೋಡಬಾರದು. ಭಾನುವಾರ ಬೆಳಗ್ಗೆ ನಿಮ್ಮ ತಾಲ್ಲೂಕು ಪೇಟೆಯ ಸಾಲಂಗಡಿಗಳ ಹಿಂದೆ ಹೋಗಿ, ಚರಂಡಿಯ ಪಕ್ಕ ನಿಂತು ನೋಡಿ, ಪಶುವೈದ್ಯರು ಕಾಣುತ್ತಾರೆಯೇ ಎಂದು. ರೋಗದ ಕುರಿ ಹಲಾಲಾದರೇನು, ಜಟ್ಕಾ ಆದರೇನು?

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣಪತಿ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಉರಿದದ್ದನ್ನು ನೀವೆಲ್ಲ ಟಿವಿಯಲ್ಲಿ ಕಂಡಿರಿ. ನಿಮ್ಮಲ್ಲಿ ಕೆಲವರು ಆ ಬೀದಿಯಲ್ಲೇ ಬೆಳೆದವರು. ಆದ್ದರಿಂದ ಹೇಳುತ್ತೇನೆ: ಈ ವರ್ಷ ಆ ಪಟ್ಟಿ ಬಂದರೆ ನನಗೆ ಕಳುಹಿಸಬೇಡಿ. ಪುರಸಭೆಗೆ ಕಸಾಯಿಖಾನೆಯ ಬಗ್ಗೆ ಅರ್ಜಿ ಬರೆದು ಅದರ ಪ್ರತಿ ಕಳುಹಿಸಿ, ಕಾಗುಣಿತ ತಿದ್ದಿಕೊಡುತ್ತೇನೆ.