ಚೀಟಿಯ ಹಣ, ಆಟದ ಯಂತ್ರ

ತಂಗಿಯ ಮಗನೊಡನೆ ಪೇಟೆಗೆ ಹೋಗುವ ಸೋದರಮಾವನಿಗೆ ಇರುವ ಕೆಲಸ ಎರಡೇ: ಚೀಲ ಹಿಡಿಯುವುದು, ಬಾಯಿ ಮುಚ್ಚಿಕೊಂಡಿರುವುದು. ಮೊದಲನೆಯದನ್ನು ನಾನು ತಕ್ಕಮಟ್ಟಿಗೆ ಮಾಡಬಲ್ಲೆ. ಎರಡನೆಯದು ನನ್ನ ಕೈಲಾಗದೆಂಬುದನ್ನು ಈ ಪುಟವನ್ನು ವಾರವಾರವೂ ಓದುವವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

2025ರ ಡಿಸೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಮ್ಮ ಹುಡುಗ ತುಮಕೂರಿನ ರೈಲಿನಿಂದಿಳಿದು ನೇರವಾಗಿ ಮನೆಗೆ ಬಂದನು. ಅವನ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ನನ್ನ ಖಾತೆಯಲ್ಲಿ ತಂಗಿ ಹಿಂದಿನ ದಿನವೇ ಕಳುಹಿಸಿದ್ದ 60,000 ರೂಪಾಯಿ. ಈ ಹಣದ ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳಬೇಕು. ತಂಗಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಅವಳ ಬೀದಿಯ ಇಪ್ಪತ್ತು ಮಂದಿ ಹೆಂಗಸರು ಸೇರಿ ತಿಂಗಳಿಗೆ 3,000 ರೂಪಾಯಿಯ ಚೀಟಿ ಹಾಕಿದ್ದರು. ಮಿಕ್ಕವರು ಹಬ್ಬಕ್ಕೆಂದೋ ಬಾಣಂತನಕ್ಕೆಂದೋ ಕೂಗಿ, ಸೋಡಿ ಬಿಟ್ಟುಕೊಟ್ಟು ಹಣ ಎತ್ತಿಕೊಂಡರೆ, ಇವಳು ಒಂದು ಸಲವೂ ಕೂಗದೆ ಕೊನೆಯ ತಿಂಗಳವರೆಗೆ ಕಾದು ಪೂರ್ಣ ಮೊತ್ತವನ್ನು ಪಡೆದಳು. ಮಗ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ, ಅವನಿಗೊಂದು ಒಳ್ಳೆಯ ಕಂಪ್ಯೂಟರ್ ಆಗಬೇಕು ಎಂಬುದೇ ಆ ತಾಳ್ಮೆಗೆ ಕಾರಣ. "ಅಂಗಡಿಯವರು ಹುಡುಗನಿಗೆ ಟೋಪಿ ಹಾಕದ ಹಾಗೆ ನೋಡಿಕೋ, ಅಣ್ಣ" ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದಳು.

ಸಿದ್ಧವಾದ ಯಂತ್ರವೊಂದನ್ನು ಕೊಂಡು ತರದೆ, ಬಿಡಿಭಾಗಗಳನ್ನು ತಂದು ಮನೆಯಲ್ಲಿ ಜೋಡಿಸುತ್ತೇನೆ ಎಂದು ಹುಡುಗ ಹೇಳಿದಾಗ ನನಗೆ ಅದು ಹುಚ್ಚಾಟವಾಗಿ ಕಂಡಿತು. ರೇಡಿಯೋವನ್ನು ಬಿಚ್ಚಿದವರೆಲ್ಲ ಮತ್ತೆ ಜೋಡಿಸಿದ್ದನ್ನು ನಾನು ಕಂಡವನಲ್ಲ. ಅವನು ಉಪ್ಪಿಟ್ಟು ತಿನ್ನುತ್ತ ವಿವರಿಸಿದನು. 1981ರಲ್ಲಿ ಐಬಿಎಂ ಕಂಪನಿಯವರು ತಮ್ಮ ಪರ್ಸನಲ್ ಕಂಪ್ಯೂಟರನ್ನು ಅವಸರದಿಂದ ಹೊರತರುವಾಗ ಬಹುಮಟ್ಟಿಗೆ ಬೇರೆ ತಯಾರಕರ ಭಾಗಗಳನ್ನೇ ಕೂಡಿಸಿದರಂತೆ. ಒಳರಚನೆಯ ವಿವರವನ್ನೂ ಪುಸ್ತಕವಾಗಿ ಅಚ್ಚುಮಾಡಿ ಮಾರಿದರಂತೆ. ಅಂದಿನಿಂದ ಯಾರು ಬೇಕಾದರೂ ಭಾಗಗಳನ್ನು ಮಾಡುವಂತಾಯಿತು. 1995ರಲ್ಲಿ ಇಂಟೆಲ್ ಕಂಪನಿಯವರು ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿದರು. ಮದರ್‌ಬೋರ್ಡಿನ ಸ್ಕ್ರೂ ತೂತುಗಳು ಎಲ್ಲಿರಬೇಕು, ವಿದ್ಯುತ್ತಿನ ತಂತಿ ಎಲ್ಲಿ ಸೇರಬೇಕು ಎಂಬುದೆಲ್ಲ ನಿಗದಿಯಾದದ್ದರಿಂದ, ಒಬ್ಬರ ಬೋರ್ಡು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಕೂರುತ್ತದೆ. "ಮುಂದೆ ಒಂದು ಭಾಗ ಹಳತಾದರೆ ಅದನ್ನೊಂದೇ ಬದಲಾಯಿಸಿದರಾಯಿತು, ಮಾವ. ಲ್ಯಾಪ್‌ಟಾಪಿನಲ್ಲಿ ಅದು ಆಗದು" ಎಂದನು. ಒಪ್ಪಬೇಕಾದ ಮಾತೇ.

ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೊ ನಿಲ್ದಾಣದಲ್ಲಿಳಿದು ನಾವು ಎಸ್.ಪಿ. ರಸ್ತೆಗೆ ನಡೆದೆವು. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ಣನಾಮವನ್ನು ಈಗ ಬೋರ್ಡುಗಳು ಮಾತ್ರ ನೆನಪಿಟ್ಟುಕೊಂಡಿವೆ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಬಿಡಿಭಾಗವೆಂದರೆ ಈ ರಸ್ತೆಯೇ. ಮೊಣಕೈಯಗಲದ ಅಂಗಡಿಗಳು, ಮೆಟ್ಟಿಲ ಕೆಳಗೊಂದು ಅಂಗಡಿ, ಮೆಟ್ಟಿಲ ಮೇಲೊಂದು; ತಲೆಯ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು "ಸೈಡ್, ಸೈಡ್" ಎಂದು ನುಗ್ಗುವ ಆಳುಗಳು. ಪ್ರತಿಯೊಂದು ಅಂಗಡಿಯಲ್ಲೂ ನಮ್ಮ ಕಾಗದವನ್ನು ನೋಡಿ, ಒಂದು ಚೀಟಿಯಲ್ಲಿ ಕೊಟೇಷನ್ ಗೀಚಿಕೊಡುವರು. ಬಿಲ್ಲು ಬೇಡವೆಂದರೆ ಒಂದು ಬೆಲೆ, ಬೇಕೆಂದರೆ ನೂರಕ್ಕೆ 18ರಂತೆ ಜಿಎಸ್‌ಟಿ ಸೇರಿದ ಇನ್ನೊಂದು ಬೆಲೆ. ಬಿಲ್ಲಿಲ್ಲದೆ ವಾರಂಟಿಯಿಲ್ಲ ಎಂದು ಹುಡುಗ ನನ್ನ ಕಿವಿಯಲ್ಲಿ ಹೇಳಿದನು. ತೆರಿಗೆ ಕೊಡುವುದು ಧರ್ಮವೂ ಹೌದೆಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅಂಗಡಿಯಾತ ನಕ್ಕನು.

ಮೊದಲನೆಯ ಪೆಟ್ಟು ಬಿದ್ದದ್ದು ರ‍್ಯಾಮ್ ವಿಚಾರದಲ್ಲಿ. ಹುಡುಗ ಪಟ್ಟಿ ತಯಾರಿಸಿದ್ದು ಜೂನ್ ತಿಂಗಳಿನಲ್ಲಿ. ಆಗ 16 ಜಿಬಿ ರ‍್ಯಾಮಿಗೆ ಅವನು ಬರೆದುಕೊಂಡಿದ್ದುದು ಮೂರೂವರೆ ಸಾವಿರ. ಈಗ ಕೇಳಿದರೆ ಎಂಟೂವರೆ! ಚಿನ್ನದ ಬೆಲೆ ಏರುವುದನ್ನು ನಾವೆಲ್ಲ ಬಲ್ಲೆವು; ಬೆರಳುದ್ದದ ಹಸಿರು ಹಲಗೆಯೊಂದು ಆರು ತಿಂಗಳಲ್ಲಿ ಎರಡರಷ್ಟಕ್ಕೂ ಮಿಗಿಲಾಗಿ ಏರುವುದೆಂದರೇನು? ಅಂಗಡಿಯಾತನ ಕೈವಾಡವೆಂದೇ ನಾನು ಭಾವಿಸಿ, ನಾಲ್ಕು ಅಂಗಡಿ ತಿರುಗಿಸಿದೆ. ನಾಲ್ಕರಲ್ಲೂ ಅದೇ ರಾಗ. ಜಗತ್ತಿನ ರ‍್ಯಾಮ್ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳ ಕಾರ್ಖಾನೆಗಳಿಂದ ಬರುತ್ತದೆ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳವರು ಕೇಳಿದ ಬೆಲೆ ಕೊಟ್ಟು ಅದನ್ನು ಎತ್ತಿಕೊಳ್ಳತೊಡಗಿದ ಮೇಲೆ ನಮ್ಮಂಥವರ ಪಾಲು ಕರಗಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್‌ನವರು, ಸಾಮಾನ್ಯ ಗಿರಾಕಿಗಳಿಗೆ ಮಾರುತ್ತಿದ್ದ ಕ್ರೂಶಿಯಲ್ ಎಂಬ ತಮ್ಮ ಮಾಲಿನ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ ಪ್ರಕಟಿಸಿದರು. ತುಮಕೂರಿನ ಉಪಾಧ್ಯಾಯಿನಿಯ ಚೀಟಿಯ ಹಣಕ್ಕೆ ಎಲ್ಲಿಯದೋ ಬುದ್ಧಿಯ ಯಂತ್ರ ಕೈಹಾಕಿದ ಬಗೆ ಇದು.

ಐದು ಸಾವಿರದ ಈ ಕೊರತೆಯನ್ನು ಎಲ್ಲಿ ತುಂಬಿಕೊಳ್ಳುವುದು? ರಸ್ತೆಯ ಅಂಚಿನಲ್ಲಿ ನಿಂತು ಹುಡುಗ ತನ್ನ ಪಟ್ಟಿಗೆ ಕತ್ತರಿ ಹಾಕತೊಡಗಿದನು. ಒಂದು ಟಿಬಿಯ ಎಸ್‌ಎಸ್‌ಡಿ ಹೋಗಿ 500 ಜಿಬಿಯದು ಬಂದಿತು. ಗಾಜಿನ ಬದಿಯ, ಬಣ್ಣದ ದೀಪದ ಕ್ಯಾಬಿನೆಟ್ ಹೋಗಿ, ಗಾಳಿ ಚೆನ್ನಾಗಿ ಆಡುವ ಕಪ್ಪು ತಗಡಿನ ಸಾದಾ ಪೆಟ್ಟಿಗೆ ಬಂದಿತು. ದೀಪವಿದ್ದ ಪೆಟ್ಟಿಗೆಯನ್ನು ಅಂಗಡಿಯಾತ ಹೊತ್ತಿಸಿ ತೋರಿಸಿದಾಗ ಮದುವೆಮನೆಯ ಸೀರಿಯಲ್ ಸೆಟ್ಟು ನೆನಪಾಯಿತು; ಅದನ್ನು ಬಿಟ್ಟದ್ದಕ್ಕೆ ನನಗೆ ವ್ಯಥೆಯಾಗಲಿಲ್ಲ. ರ‍್ಯಾಮನ್ನು 16 ಜಿಬಿಯ ಒಂದೇ ಹಲಗೆಯಾಗಿ ಕೊಂಡರೆ ಸ್ವಲ್ಪ ಅಗ್ಗವೆಂದು ಅಂಗಡಿಯಾತ ಹೇಳಿದನಾದರೂ ಹುಡುಗ ಒಪ್ಪದೆ 8 ಜಿಬಿಯ ಎರಡನ್ನು ತೆಗೆದುಕೊಂಡನು. ಒಂದು ನಲ್ಲಿಯಿಂದ ಹಂಡೆ ತುಂಬುವುದಕ್ಕೂ ಎರಡು ನಲ್ಲಿಯಿಂದ ತುಂಬುವುದಕ್ಕೂ ಇರುವ ವ್ಯತ್ಯಾಸವಂತೆ.

ಮಿತವ್ಯಯದ ವಿಷಯದಲ್ಲಿ ನಾನೂ ಒಂದು ಸಲಹೆ ಕೊಡಬೇಕಲ್ಲವೆ? ವಿದ್ಯುತ್ತನ್ನು ಹದಮಾಡಿ ಹಂಚುವ ಎಸ್‌ಎಂಪಿಎಸ್ ಎಂಬ ತಗಡಿನ ಡಬ್ಬಕ್ಕೆ ಪಟ್ಟಿಯಲ್ಲಿ 4,000 ರೂಪಾಯಿ ಇದ್ದಿತು. ಎದುರಂಗಡಿಯಲ್ಲಿ ಅಂಥದೇ ಡಬ್ಬ 800ಕ್ಕೆ ತೂಗುತ್ತಿತ್ತು. ನಾನು ಅದನ್ನು ಕೈಗೆತ್ತಿಕೊಂಡೆ. "ಮಾವ, ನಿಮ್ಮ ಹಳೆಯ ಕಂಪ್ಯೂಟರ್ ಹೇಗೆ ಹೋಯಿತು?" ಎಂದು ಹುಡುಗ ಕೇಳಿದನು. ನಾನು ಡಬ್ಬವನ್ನು ಕೆಳಗಿಟ್ಟೆ. ಹತ್ತು ವರ್ಷಗಳ ಹಿಂದೆ ಇಂಥದೇ ಅಗ್ಗದ ಡಬ್ಬವೊಂದು ಸುಟ್ಟ ವಾಸನೆ ಹೊಡೆದು, ಸಾಯುವಾಗ ಮದರ್‌ಬೋರ್ಡನ್ನೂ ಸಂಗಡ ಕರೆದೊಯ್ದಿತ್ತು. ಮಿಕ್ಕ ಯಾವ ಭಾಗ ಕೆಟ್ಟರೂ ಅದೊಂದೇ ಕೆಡುತ್ತದೆ. ಇದು ಕೆಟ್ಟರೆ ಮನೆಮಂದಿಯನ್ನೆಲ್ಲ ಕೆಡಿಸಬಹುದು. ಆದುದರಿಂದ 80 ಪ್ಲಸ್ ಎಂಬ ಪರೀಕ್ಷೆಯಲ್ಲಿ ಕಂಚಿನ ದರ್ಜೆ ಪಡೆದ, 550 ವ್ಯಾಟಿನದನ್ನೇ ಕೊಂಡೆವು. 750 ವ್ಯಾಟ್ ಬೇಕೆಂದು ಹೆದರಿಸಿದವರೂ ಇದ್ದರು. ಪ್ರೊಸೆಸರ್ 65 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ 132 ವ್ಯಾಟ್ ಎಂದು ಕಂಪನಿಯವರೇ ಬರೆದಿರುವಾಗ, ಉಳಿದುದನ್ನೆಲ್ಲ ಕೂಡಿಸಿದರೂ 300 ದಾಟದು.

ಇಷ್ಟಾದ ಮೇಲೆ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತು. ಎಲ್ಲದಕ್ಕೂ ಬಿದ್ದ ಕತ್ತರಿ ಒಂದಕ್ಕೆ ಮಾತ್ರ ಬಿದ್ದಿರಲಿಲ್ಲ. ರೈಜನ್ 5 5600 ಎಂಬ ಪ್ರೊಸೆಸರಿಗೆ ಹತ್ತೂವರೆ ಸಾವಿರ, ಮದರ್‌ಬೋರ್ಡಿಗೆ ಎಂಟು. ಆದರೆ ರೇಡಿಯಾನ್ ಆರ್‌ಎಕ್ಸ್ 6600 ಎಂಬ ಗ್ರಾಫಿಕ್ಸ್ ಕಾರ್ಡಿಗೆ ಇಪ್ಪತ್ತೂವರೆ ಸಾವಿರ! ಒಟ್ಟು 58,500ರಲ್ಲಿ ರೂಪಾಯಿಗೆ ಐದಾರಾಣೆ ಇದೊಂದಕ್ಕೇ. ಅರ್ಧ ಬೆಲೆಗೆ ಬಳಸಿದ ಕಾರ್ಡೊಂದಿದೆ ಎಂದು ಒಬ್ಬಾತ ಪಿಸುಗುಟ್ಟಿದಾಗ ನನ್ನ ಮನಸ್ಸು ಜಾರಿತ್ತು. ಹುಡುಗನ ಮನಸ್ಸು ಜಾರಲಿಲ್ಲ. 2022ರ ಸೆಪ್ಟೆಂಬರ್‌ವರೆಗೆ ಈಥೀರಿಯಮ್ ಎಂಬ ನಾಣ್ಯವನ್ನು ಗಣಿಸುವುದಕ್ಕೆಂದು ಹಗಲಿರುಳು ದುಡಿಸಿ, ಆ ಪದ್ಧತಿ ನಿಂತೊಡನೆ ಪೇಟೆಗೆ ತಳ್ಳಿದ ಕಾರ್ಡುಗಳು ಬಹಳವಂತೆ. ಜಟಕಾ ಎಳೆದು ಸವೆದ ಕುದುರೆಗೆ ಬಣ್ಣ ಬಳಿದು ಮಾರಿದಂತೆ.

"ಇಷ್ಟೊಂದು ಹಣ ತಿನ್ನುವ ಈ ಮಹಾರಾಯ ಮಾಡುವ ಕೆಲಸವೇನು?" ಎಂದು ಟೀ ಕುಡಿಯುತ್ತ ಕೇಳಿದೆ.

ಅವನು ಉತ್ಸಾಹದಿಂದ ಲೆಕ್ಕ ಹೇಳಿದನು. ನಮ್ಮ ಮನೆಯಲ್ಲಿ ಬಿದ್ದಿರುವ, ನಾನು ಅವನಿಗೆ ಕೊಡುವೆನೆಂದ ಮಾನಿಟರಿನ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕೆಗಳು. ಒಟ್ಟು 20 ಲಕ್ಷದ ಮೇಲೆ. ಆಟ ಸರಾಗವಾಗಿ ಓಡಬೇಕಾದರೆ ಸೆಕೆಂಡಿಗೆ 60 ಚಿತ್ರ ಬರೆಯಬೇಕು. ಎಂದರೆ ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕೆಗಳ ಬಣ್ಣವನ್ನು ಗುಣಿಸಿ ಇಡಬೇಕು. ಪ್ರೊಸೆಸರಿನಲ್ಲಿರುವ ಆರು ಮಂದಿ ಪಂಡಿತರಿಂದ ಇದು ಆಗದು. ಕಾರ್ಡಿನಲ್ಲಿರುವ ಸಾವಿರಾರು ಕೂಲಿಯಾಳುಗಳೇ ಬೇಕು.

"ಕಾಲೇಜಿನ ಪಾಠಕ್ಕೆ ಸೆಕೆಂಡಿಗೆ 60 ಚಿತ್ರವೇ?"

ಹುಡುಗ ಲೋಟವನ್ನು ನೋಡಿದನು. "ಅಮ್ಮನಿಗೆ ಪ್ರಾಜೆಕ್ಟಿಗೆ ಅಂತ ಹೇಳಿದ್ದೇನೆ, ಮಾವ. ನೀವು ಹೇಳಬೇಡಿ."

ನನಗೆ ಟೀ ರುಚಿಸಲಿಲ್ಲ. ಆಟವಾಡುವುದು ತಪ್ಪೆಂದು ನಾನು ಎಣಿಸುವವನಲ್ಲ. ಅವನ ವಯಸ್ಸಿನಲ್ಲಿ ಫೀಸಿನ ಹಣದಲ್ಲಿ ಕ್ರಿಕೆಟ್ ಬ್ಯಾಟು ಕೊಂಡವನು ನಾನು. ಆದರೆ ಇಪ್ಪತ್ತು ತಿಂಗಳು ಕೂಗದೆ ಕುಳಿತವಳ ಹಣ ನನ್ನ ಖಾತೆಯಲ್ಲಿದ್ದಿತು. ಹೇಳಿದರೆ ಹುಡುಗನ ಮುಖ ನೋಡುವುದು ಕಷ್ಟ, ಹೇಳದಿದ್ದರೆ ತಂಗಿಯ ಮುಖ. "ನಾನು ಹೇಳುವುದಿಲ್ಲ ಕಣಪ್ಪ. ನೀನೇ ಹೇಳಬೇಕು. ಅಲ್ಲಿಯವರೆಗೆ ದುಡ್ಡು ಕೊಡಲಾರೆ" ಎಂದೆ.

ಅವನು ರಸ್ತೆಯ ಆಚೆ ಬದಿಗೆ ಹೋಗಿ ಫೋನು ಮಾಡಿದನು. ಕಾಲು ಗಂಟೆಯಾಯಿತು. ಅವನು ಮಾತಾಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚೆಂದು ದೂರದಿಂದಲೂ ಕಾಣುತ್ತಿತ್ತು. ಹಿಂದಿರುಗಿ ಬಂದು ಫೋನನ್ನು ನನ್ನ ಕೈಗಿತ್ತನು.

"ಅಣ್ಣ, ನೀನು ನಿಜ ಹೇಳು. ಪಾಠಕ್ಕೆ ಎಷ್ಟು, ಆಟಕ್ಕೆ ಎಷ್ಟು?"

ಕೊಟೇಷನ್ ಕೈಯಲ್ಲೇ ಇದ್ದಿತು. ಚಿತ್ರದ ಸೌಕರ್ಯ ತನ್ನಲ್ಲೇ ಇರುವ ಪ್ರೊಸೆಸರೂ ಹೆಚ್ಚುಕಡಿಮೆ ಅದೇ ಬೆಲೆಗೆ ಸಿಕ್ಕುತ್ತದೆ. ಅದನ್ನು ಕೊಂಡರೆ ಕಾಲೇಜಿನ ಕೆಲಸಕ್ಕೆ ಕಾರ್ಡು ಬೇಕಿಲ್ಲ. "ಪಾಠಕ್ಕೆ 38,000 ಸಾಕು. ಉಳಿದ 20,500 ಆಟಕ್ಕೆ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹಾಗಾದರೆ ಕಾರ್ಡು ಅವನ ಸಾಲ. ಜನವರಿಯಿಂದ ಹೊಸ ಚೀಟಿ ಶುರುವಾಗುತ್ತೆ. ನನ್ನ ಕಂತಿಗೆ ತಿಂಗಳಿಗೆ ಒಂದು ಸಾವಿರ ಅವನು ಸೇರಿಸಲಿ, ಇಪ್ಪತ್ತು ತಿಂಗಳು. ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಸಂಪಾದಿಸಲಿ."

"ಮೇಲಿನ ಐನೂರು?"

"ಅದು ನಿನ್ನದು. ಜೊತೆಗೆ ಹೋಗಿ ಅರ್ಧ ದಿನ ಏನೂ ತಿಳಿಯದೆ ಇದ್ದುದಕ್ಕೆ."

ಜೋಡಣೆ ರಾತ್ರಿ ನಮ್ಮ ಊಟದ ಮೇಜಿನ ಮೇಲೆ ನಡೆಯಿತು. ಮೈಯಲ್ಲಿನ ಸ್ಥಿರ ವಿದ್ಯುತ್ತು ಹರಿದುಹೋಗಲೆಂದು ಹುಡುಗ ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಿದನು. ದೇವರಿಗೆ ಕೈಮುಗಿದನೆಂದು ನನ್ನಾಕೆ ತಿಳಿದಳು. ಆ ಪ್ರೊಸೆಸರಿನ ಅಡಿಯಲ್ಲಿ 1,331 ಚಿನ್ನದ ಬಣ್ಣದ ಮುಳ್ಳುಗಳಿವೆ. ಒಂದು ಬಾಗಿದರೂ ಹತ್ತೂವರೆ ಸಾವಿರಕ್ಕೆ ಅಪಾಯ. ಅದನ್ನು ಒತ್ತದೆ, ತಾನಾಗಿ ಕೂರುವಂತೆ ಇಟ್ಟು ಸನ್ನೆಯನ್ನು ಕೆಳಗೆಳೆದ ಮೇಲೆಯೇ ನಾವು ಮೂವರೂ ಉಸಿರು ಬಿಟ್ಟೆವು. ಅದರ ಮೇಲೆ ಬಟಾಣಿ ಕಾಳಿನಷ್ಟು ಶಾಖವಾಹಕ ಲೇಪ, ಆ ಮೇಲೆ ಫ್ಯಾನು. "ಅತ್ತೆ, ಕಾಫಿ ಲೋಟ ಆ ಕಡೆ ಇಡಿ" ಎಂದು ಮೂರು ಸಲ ಹೇಳಿದನು.

ಹತ್ತೂವರೆಗೆ ಗುಂಡಿ ಒತ್ತಿದನು. ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಕಪ್ಪಗೇ ಇದ್ದಿತು. ಮತ್ತೆ ಒತ್ತಿದರೂ ಅಷ್ಟೆ. ತಂಗಿ ವೀಡಿಯೋ ಕರೆಯಲ್ಲಿ ಕಾದು ಕುಳಿತಿದ್ದಳು. ರ‍್ಯಾಮನ್ನು ಕಿತ್ತು ಮತ್ತೆ ಚುಚ್ಚಿದ, ತಂತಿಗಳನ್ನೆಲ್ಲ ತಡವಿದ. ಹುಡುಗನ ಹಣೆಯಲ್ಲಿ ಬೆವರು. ಕೊನೆಗೆ ಪೆಟ್ಟಿಗೆಯನ್ನು ತಿರುಗಿಸಿ ನೋಡಿ ತಲೆ ಚಚ್ಚಿಕೊಂಡನು. ಮಾನಿಟರಿನ ತಂತಿಯನ್ನು ಮದರ್‌ಬೋರ್ಡಿನ ಬಾಯಿಗೆ ಸಿಕ್ಕಿಸಿದ್ದನು. ಈ ಪ್ರೊಸೆಸರಿಗೆ ಚಿತ್ರ ಬರೆಯಲು ಬಾರದಾದ್ದರಿಂದ ಅದನ್ನು ಕಾರ್ಡಿನ ಬಾಯಿಗೇ ಸಿಕ್ಕಿಸಬೇಕು. ಬದಲಾಯಿಸಿದೊಡನೆ ಬೆಳಕು ಬಂದಿತು.

ವಿಂಡೋಸಿಗೆ ಹಣ ಉಳಿದಿರಲಿಲ್ಲ. ಕಳ್ಳಪ್ರತಿ ಹಾಕಿಕೊಡುವೆವೆಂದವರನ್ನು ಬಿಟ್ಟು ಬಂದಿದ್ದ ಹುಡುಗ ಉಚಿತವಾದ ಲಿನಕ್ಸನ್ನೇ ಹಾಕಿದನು. 2018ರಲ್ಲಿ ವಾಲ್ವ್ ಕಂಪನಿಯವರು ಹೊರತಂದ ಪ್ರೋಟಾನ್ ಎಂಬ ಸಾಧನದಿಂದ ವಿಂಡೋಸಿನ ಬಹಳಷ್ಟು ಆಟಗಳು ಅದರಲ್ಲೂ ಓಡುತ್ತವೆ. ಅವನ ಗೆಳೆಯರಾಡುವ ವ್ಯಾಲರಂಟ್ ಮಾತ್ರ ಓಡುವುದಿಲ್ಲವೆಂಬ ಕೊರಗು ಉಳಿಯಿತು.

ಭಾನುವಾರ ಸಂಜೆ, ಭಾರವಾದ ಕಾರ್ಡು ರೈಲಿನ ಕುಲುಕಾಟಕ್ಕೆ ಬೋರ್ಡನ್ನು ಜಗ್ಗದಿರಲೆಂದು ಅದನ್ನು ಬಿಚ್ಚಿ ಅದರದೇ ಪೆಟ್ಟಿಗೆಯಲ್ಲಿಟ್ಟು ಕೊಟ್ಟು ಕಳುಹಿಸಿದೆವು. ಮೊನ್ನೆ ತಂಗಿ ಫೋನು ಮಾಡಿದ್ದಳು. ಸಂಜೆ ಆರಕ್ಕೆ ಮೂವರು ಮಕ್ಕಳಿಗೆ ಲೆಕ್ಕದ ಪಾಠ, ರಾತ್ರಿ ಒಂಬತ್ತಕ್ಕೆ ಆಟ. ಮೊದಲನೆಯ ಸಾವಿರ ಬಂದಿದೆಯಂತೆ. ನನ್ನ ಐನೂರು ಇನ್ನೂ ಬಂದಿಲ್ಲವೆಂದು ಜ್ಞಾಪಿಸಿದಳು.